ಊರು ಸಿಟಿಯಾಯ್ತು, ಜಮಾಬಂದಿ ಎಲ್ಲಿ ಹೋಯ್ತು?

(ಪ್ರಸಾರ: ಡಿಸೆಂಬರ್ 2025)



ಇವತ್ತು ದೆಹಲಿ ಸುದ್ದಿ ಇದೆ, ವಿಧಾನಸೌಧದ ಸುದ್ದಿ ಇದೆ, ಕುರ್ಚಿ ಸುದ್ದಿಯಂತೂ ದಿನಾ ಇದ್ದೇ ಇದೆ. ಅವನ್ನೆಲ್ಲ ಒಂಬತ್ತು ಗಂಟೆಗೆ ಹೇಳ್ತೀನಿ. ಅದಕ್ಕೂ ಮುಂಚೆ ಒಂದು ಬೀದಿಯ ಸುದ್ದಿ ಇದೆ. ಬೀದಿ ಅಂದ್ರೆ ಬೀದಿನೇ, ಉದ್ದ ಇನ್ನೂರು ಅಡಿ ಇದ್ದರೆ ಹೆಚ್ಚು. ಬೆಂಗಳೂರಿನ ಅಂಚಿನಲ್ಲಿದೆ. ಹೆಸರು ಹೇಳೋದಿಲ್ಲ. ಹೇಳಿದರೆ ಅದೊಂದು ಬೀದಿಯ ಸಮಸ್ಯೆ ಅಂದುಕೊಂಡು ಉಳಿದವರು ಚಾನೆಲ್ ಬದಲಾಯಿಸಿಬಿಡ್ತೀರಿ.

ಕಳೆದ ತಿಂಗಳು ನಮ್ಮ ಕಚೇರಿಗೆ ಒಬ್ಬರು ಫೋನ್ ಮಾಡಿದ್ರು. ಅರವತ್ತು ದಾಟಿದ ಹೆಂಗಸು. ಮೂಲ ಊರಿನವರೇ, ಬಡಾವಣೆಗೆ ಬಂದು ಸೇರಿದವರಲ್ಲ. ಸಾಮಾನ್ಯವಾಗಿ ಇಂಥ ಫೋನ್ ಬಂದರೆ ಏನಿರುತ್ತೆ? "ರಸ್ತೆ ಗುಂಡಿ ಮುಚ್ಚಿಸಿ" ಅಂತಿರುತ್ತೆ. ಈಯಮ್ಮ ಹಾಗೆ ಕೇಳಲಿಲ್ಲ. "ನಮ್ಮ ಬೀದಿ ಅಗೆದು ಹೋದೋರು ಯಾರು ಅಂತ ಸ್ವಲ್ಪ ವಿಚಾರಿಸಿ ಹೇಳ್ತೀಯೇನಪ್ಪಾ?" ಅಂದ್ರು.

ನನಗೆ ಮೊದಲು ಅರ್ಥ ಆಗಲಿಲ್ಲ. "ಮುಚ್ಚಿಸಬೇಕಾ ಅಮ್ಮಾ?" ಅಂದೆ. "ಮುಚ್ಚೋದು ಆಮೇಲಿನ ಮಾತು. ಮೊದಲು ಅಗೆದೋರು ಯಾರು, ಎಷ್ಟು ದಿನದ ಕೆಲಸ, ಅದು ಗೊತ್ತಾಗಲಿ" ಅಂದ್ರು.

ಅವರ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೀದಿಯ ನಡುವೆ ಎದೆಮಟ್ಟದ ಕಾಲುವೆ ತೋಡಿದ್ದಾರೆ, ಮಣ್ಣನ್ನು ಎರಡೂ ಕಡೆ ಗುಡ್ಡೆ ಹಾಕಿದ್ದಾರೆ. ಆಟೋ ಒಳಗೆ ಬರೋದಿಲ್ಲ. ಮಗ, ಪಕ್ಕದ ಮನೆ ಹುಡುಗ ಇಬ್ಬರೂ ಸೇರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು ಮೇನ್ ರೋಡಿನವರೆಗೆ ಹೊತ್ಕೊಂಡು ಹೋಗ್ತಾರೆ. ಬರುವಾಗಲೂ ಹಾಗೆಯೇ. "ಇನ್ನೊಂದು ವಾರ ಅಂದ್ರೆ ತಡ್ಕೋತೀವಿ ಕಣಪ್ಪಾ. ಆರು ತಿಂಗಳು ಅಂದ್ರೆ ಮಗಳ ಮನೆಗೆ ಕರ್ಕೊಂಡು ಹೋಗ್ಬಿಡ್ತೀನಿ. ಯಾವ್ದು ಅಂತ ಹೇಳೋರೇ ಇಲ್ಲ."

ನೋಡಿ, ಎಷ್ಟು ಸಣ್ಣ ಪ್ರಶ್ನೆ. ಒಂದು ವಾರವೋ, ಆರು ತಿಂಗಳೋ? ಆ ಮನೆಯಲ್ಲಿ ಒಂದು ತೀರ್ಮಾನ ಆಗಬೇಕು. ಅದಕ್ಕೆ ಬೇಕಾಗಿರೋದು ದುಡ್ಡಲ್ಲ, ಪರಿಹಾರ ಅಲ್ಲ, ಒಂದು ದಿನಾಂಕ.

ನಮ್ಮ ವರದಿಗಾರನನ್ನು ಕಳಿಸಿದೆ. ಗುಂಡಿಯ ವಿಡಿಯೋ ಬೇಡ, ಅಗೆದವರ ಹೆಸರು ತಗೊಂಡು ಬಾ ಅಂದೆ. ಹುಡುಗ ಹೊಸಬ, ಒಂದು ಗಂಟೆ ಕೆಲಸ ಅಂದುಕೊಂಡು ಹೋದ. ನಾಲ್ಕು ದಿನ ಆಯ್ತು. ಮೊದಲನೇ ಕಚೇರಿಯಲ್ಲಿ "ಇದು ನೀರಿನ ಪೈಪ್ ಇರಬೇಕು, ನಮ್ಮದಲ್ಲ" ಅಂದ್ರು. ಎರಡನೇ ಕಚೇರಿಯಲ್ಲಿ "ನಮ್ಮ ಪೈಪ್ ಹೋದ ವರ್ಷವೇ ಮುಗಿದಿದೆ, ಕೇಬಲ್‌ನವರು ಇರಬೇಕು" ಅಂದ್ರು. ಮೂರನೇ ಕಡೆ ಇಂಜಿನಿಯರ್ ಇರಲಿಲ್ಲ, ವರ್ಗವಾಗಿದ್ದರು. ಅವರ ಜಾಗಕ್ಕೆ ಬಂದವರಿಗೆ ಆ ಬೀದಿ ತಮ್ಮ ಪಾಲಿಕೆಗೆ ಬರುತ್ತೋ ಪಕ್ಕದ ಪಾಲಿಕೆಗೆ ಬರುತ್ತೋ ಅನ್ನೋದೇ ಖಚಿತ ಇರಲಿಲ್ಲ. ಅವರನ್ನ ಬೈಯ್ಯೋಕೂ ಮನಸ್ಸು ಬರೋದಿಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ. ನಾಲ್ಕನೇ ದಿನ ಸ್ಥಳದಲ್ಲೇ ಕೆಲಸ ಮಾಡ್ತಿದ್ದ ಮೇಸ್ತ್ರಿ ಒಬ್ಬ ಸಿಕ್ಕಿದ, ಅವನು ಗುತ್ತಿಗೆದಾರನ ನಂಬರ್ ಕೊಟ್ಟ, ಗುತ್ತಿಗೆದಾರ ಇಲಾಖೆಯ ಹೆಸರು ಹೇಳಿದ. ಸರ್ಕಾರದ ಕೆಲಸ ಯಾರದ್ದು ಅಂತ ಸರ್ಕಾರದ ಮೂರು ಕಚೇರಿ ಹೇಳಲಿಲ್ಲ, ರಾಯಚೂರಿನಿಂದ ಕೂಲಿಗೆ ಬಂದ ಮೇಸ್ತ್ರಿ ಹೇಳಿದ.

ಈಗ ನಿಮ್ಮನ್ನ ಸ್ವಲ್ಪ ಹಿಂದಕ್ಕೆ ಕರ್ಕೊಂಡು ಹೋಗ್ತೀನಿ. 2007ಕ್ಕೆ.

ಆ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಅದಕ್ಕೆ ಮುಂಚೆ ಇದ್ದದ್ದು ನೂರು ವಾರ್ಡ್‌ಗಳ ಬೆಂಗಳೂರು ಮಹಾನಗರ ಪಾಲಿಕೆ. ಅದಕ್ಕೆ ಏಳು ನಗರಸಭೆ ಸೇರಿಸಿದ್ರು: ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿ ನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ. ಕೆಂಗೇರಿ ಪುರಸಭೆ ಸೇರಿತು. ಜೊತೆಗೆ 110 ಹಳ್ಳಿ. ಒಂದು ಆದೇಶಕ್ಕೆ ಬೆಂಗಳೂರಿನ ವಿಸ್ತೀರ್ಣ ಹೆಚ್ಚುಕಡಿಮೆ ಮೂರು ಪಟ್ಟಾಯ್ತು, 700 ಚದರ ಕಿಲೋಮೀಟರ್ ದಾಟಿತು. "ನೂರಾಹತ್ತು ಹಳ್ಳಿ" ಅನ್ನೋದು ಅಂದಿನಿಂದ ಒಂದು ಪದವೇ ಆಗಿಬಿಟ್ಟಿದೆ. ಪತ್ರಿಕೆಯಲ್ಲಿ ಬರುತ್ತೆ, ಬಜೆಟ್‌ನಲ್ಲಿ ಬರುತ್ತೆ, ಚುನಾವಣಾ ಭಾಷಣದಲ್ಲಿ ಬರುತ್ತೆ. ಹದಿನೆಂಟು ವರ್ಷ ಆದ್ರೂ ಅವು ಇನ್ನೂ "ಹೊಸದಾಗಿ ಸೇರಿದ" ಹಳ್ಳಿಗಳು! ಮದುವೆಯಾಗಿ ಹದಿನೆಂಟು ವರ್ಷ ಆದ ಸೊಸೆಯನ್ನ ಹೊಸ ಸೊಸೆ ಅಂತ ಯಾರಾದರೂ ಕರೀತಾರಾ?

ಆ ಹಳ್ಳಿಗಳಿಗೆ ಸಿಟಿ ಸೇರಿದಾಗ ಏನು ಸಿಕ್ಕಿತು, ಏನು ಹೋಯಿತು? ಸಿಕ್ಕಿದ್ದು ಎಲ್ಲರಿಗೂ ಗೊತ್ತು, ಜಮೀನಿನ ಬೆಲೆ. ಹೋಗಿದ್ದನ್ನ ಮಾತ್ರ ಯಾರೂ ಲೆಕ್ಕ ಹಾಕಿಲ್ಲ.

ನಮ್ಮ ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಅದರ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ನಾನ್ನೂರು ಜನ ಅಂದ್ರೆ ಎಷ್ಟು? ಎರಡು ಬೀದಿ. ಮೆಂಬರ್ ಅನ್ನೋನು ನಿಮ್ಮ ಜೊತೆ ಅದೇ ಅರಳಿಕಟ್ಟೆಯಲ್ಲಿ ಕೂರೋನು. ಅವನ ಹೆಂಡತಿ ಅದೇ ನಲ್ಲಿಗೆ ನೀರಿಗೆ ಬರೋಳು. ನೀರು ಬರಲಿಲ್ಲ ಅಂದ್ರೆ ಮೊದಲು ಬೈಸ್ಕೊಳ್ಳೋದು ಅವನ ಮನೆಯಲ್ಲೇ.

ಸಿಟಿ ಸೇರಿದ ಮೇಲೆ? 2011ರ ಜನಗಣತಿಯಲ್ಲಿ ಬಿಬಿಎಂಪಿ ಜನಸಂಖ್ಯೆ 84 ಲಕ್ಷ. ವಾರ್ಡ್ 198. ಭಾಗಿಸಿ ನೋಡಿ, ಒಬ್ಬ ಕಾರ್ಪೊರೇಟರ್‌ಗೆ 42 ಸಾವಿರಕ್ಕೂ ಹೆಚ್ಚು ಜನ. ಅಂಚಿನ ವಾರ್ಡ್‌ಗಳಲ್ಲಿ ಆಮೇಲೆ ಜನ ಎಷ್ಟು ಬಂದ್ರು ಅನ್ನೋದು ನಿಮ್ಮ ಕಣ್ಣ ಮುಂದೆಯೇ ಇದೆ. ನಾನ್ನೂರಕ್ಕೆ ಒಬ್ಬ ಇದ್ದದ್ದು ನಲವತ್ತೆರಡು ಸಾವಿರಕ್ಕೆ ಒಬ್ಬ ಆದ. ಅಷ್ಟೇ ಆಗಿದ್ರೂ ಪರವಾಗಿರಲಿಲ್ಲ, ಆ ಒಬ್ಬನೂ ಹೋದ. ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಅಂದಿನಿಂದ ಇವತ್ತಿನವರೆಗೆ ಚುನಾವಣೆ ಇಲ್ಲ. ಅವತ್ತು ಹುಟ್ಟಿದ ಮಗು ಈಗ ಯುಕೆಜಿಯಲ್ಲಿದೆ.

ಹಿಂದೆಯೂ ಹೀಗೆ ಆಗಿತ್ತು, ಮರೆತಿದ್ದೀವಿ. 2006ರ ಕೊನೆಗೆ ಹಳೆಯ ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆ ಆಗಿದ್ದು 2010ರ ಮಾರ್ಚ್‌ನಲ್ಲಿ. ಅಂದ್ರೆ ಆ ನೂರಾಹತ್ತು ಹಳ್ಳಿಯವರು ಸಿಟಿಗೆ ಸೇರಿದ ಮೊದಲ ಮೂರು ವರ್ಷವೂ ಪ್ರತಿನಿಧಿ ಇಲ್ಲದೆ ಕಳೆದ್ರು, ಕೊನೆಯ ಐದು ವರ್ಷವೂ ಇಲ್ಲದೆ ಕಳೆದ್ರು. ಸಂವಿಧಾನ ಏನು ಹೇಳುತ್ತೆ? 243-ಯು ವಿಧಿ. ಅವಧಿ ಮುಗಿಯುವುದಕ್ಕೆ ಮೊದಲೇ ಚುನಾವಣೆ ಮುಗಿಸಿರಬೇಕು. ಇದು ಯಾವುದೋ ಸುತ್ತೋಲೆ ಅಲ್ಲ ಸ್ವಾಮಿ, ಸಂವಿಧಾನ. ಯಾವ ಪಕ್ಷ ಅಂತ ಕೇಳಬೇಡಿ. ಈ ಐದು ವರ್ಷದಲ್ಲಿ ಬಿಜೆಪಿ ಸರ್ಕಾರವೂ ಇತ್ತು, ಕಾಂಗ್ರೆಸ್ ಸರ್ಕಾರವೂ ಇದೆ. ವಾರ್ಡ್ 198 ಸಾಲದು ಅಂತ 243 ಮಾಡಿದ್ರು. ಸರ್ಕಾರ ಬದಲಾಯ್ತು, 225 ಮಾಡಿದ್ರು. ಈಗ 369. ಗೆರೆ ಎಳೆಯೋದು, ಅಳಿಸೋದು, ಮತ್ತೆ ಎಳೆಯೋದು. ಮೀಸಲಾತಿ ಪಟ್ಟಿ, ಕೋರ್ಟು, ಮತ್ತೆ ಪಟ್ಟಿ. ಈ ಒಂದು ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಇರೋ ಒಗ್ಗಟ್ಟು ಬೇರೆ ಯಾವುದರಲ್ಲೂ ಇಲ್ಲ. ಶಾಸಕರಿಗೂ ಇದು ಹಿತವೇ. ಕಾರ್ಪೊರೇಟರ್ ಇಲ್ಲ ಅಂದ್ರೆ ಗುದ್ದಲಿಪೂಜೆಗೆ ಅವರೊಬ್ಬರೇ.

ಹಾಗಂತ ಪಂಚಾಯಿತಿ ಕಾಲ ಸ್ವರ್ಗವಾಗಿತ್ತು ಅಂತ ನಾನು ಹೇಳ್ತಾ ಇಲ್ಲ. ಇವತ್ತು ಅಂಚಿನ ಬಡಾವಣೆಗಳಲ್ಲಿ ಇಪ್ಪತ್ತು ಅಡಿ ರಸ್ತೆ, ಚರಂಡಿ ಇಲ್ಲ, ಪಾರ್ಕ್ ಇಲ್ಲ, ರಾಜಕಾಲುವೆ ಮೇಲೆ ಮನೆ, ಇದೆಲ್ಲ ಶುರುವಾಗಿದ್ದು ಎಲ್ಲಿ? ಕಂದಾಯ ಜಮೀನನ್ನ ಗೆರೆ ಹಾಕಿ ಸೈಟ್ ಮಾಡಿ ಮಾರಿದಾಗ ಕಣ್ಮುಚ್ಚಿ ಖಾತೆ ಕೊಟ್ಟ ಪಂಚಾಯಿತಿಗಳು ಎಷ್ಟಿಲ್ಲ! ಅದರ ಫಲವನ್ನ ಬಿ ಖಾತಾ ಅನ್ನೋ ಹೆಸರಲ್ಲಿ ಜನ ಇನ್ನೂ ಉಣ್ಣುತ್ತಾ ಇದ್ದಾರೆ. 2025ರಲ್ಲಿ ಸರ್ಕಾರ ಬಿ ಯಿಂದ ಎ ಗೆ ಬದಲಾಯಿಸಿಕೊಳ್ಳಿ, ಮೊದಲ ನೂರು ದಿನದಲ್ಲಿ ಬಂದರೆ ಮಾರ್ಗಸೂಚಿ ಮೌಲ್ಯದ ಶೇ 5 ಕಟ್ಟಿ ಅಂತ ಹೇಳಿತು. ಒಳ್ಳೆಯದೇ, ಬ್ಯಾಂಕ್ ಸಾಲ ಸಿಗುತ್ತೆ, ನೆಮ್ಮದಿ ಸಿಗುತ್ತೆ. ಆದರೆ ಕಟ್ಟೋರ ಪ್ರಶ್ನೆ ಬೇರೆ ಇದೆ: "ನಾವು ಕಟ್ಟಿದ ದುಡ್ಡು ನಮ್ಮ ರಸ್ತೆಗೆ ಬರುತ್ತಾ?" ಈ ಪ್ರಶ್ನೆಗೂ ಉತ್ತರ ಹೇಳೋ ಜಾಗ ಇಲ್ಲ.

ಪಂಚಾಯಿತಿಯಲ್ಲಿ ಅಂಥ ಒಂದು ಜಾಗ ಇತ್ತು. ಅದರ ಹೆಸರು ಜಮಾಬಂದಿ.

ಹಳ್ಳಿಯಿಂದ ಬಂದ ವೀಕ್ಷಕರಿಗೆ ಗೊತ್ತಿರುತ್ತೆ. ಸಿಟಿಯಲ್ಲೇ ಹುಟ್ಟಿದವರಿಗೆ ಹೇಳ್ತೀನಿ ಕೇಳಿ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ತನ್ನ ಹಿಂದಿನ ವರ್ಷದ ಲೆಕ್ಕವನ್ನ ಊರವರ ಮುಂದೆ ಇಡಬೇಕು. ಮೇಲಿನಿಂದ ಒಬ್ಬ ಅಧಿಕಾರಿ ಬಂದು ಕೂರ್ತಾರೆ. ಇಷ್ಟು ತೆರಿಗೆ ಬಂತು, ಇಷ್ಟು ಅನುದಾನ ಬಂತು, ಇಂಥ ಚರಂಡಿಗೆ ಇಷ್ಟು ಖರ್ಚಾಯ್ತು ಅಂತ ಓದಬೇಕು. ಊರವರು ಎದ್ದು ಕೇಳಬಹುದು. ಚರಂಡಿ ಎಲ್ಲಿದೆ ತೋರಿಸಿ ಅಂದ್ರೆ ಎದ್ದು ಹೋಗಿ ನೋಡ್ಕೊಂಡು ಬರಬೇಕು. ಎಲ್ಲ ಕಡೆ ಸರಿಯಾಗಿ ನಡೆಯುತ್ತೆ ಅಂತಲ್ಲ. ಎಷ್ಟೋ ಕಡೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ, ಮಂಡಕ್ಕಿ ಕೊಟ್ಟು, ಕಾಫಿ ಕುಡಿಸಿ ಕಳಿಸಿಬಿಡ್ತಾರೆ. ಆದರೂ ವರ್ಷಕ್ಕೆ ಒಂದು ದಿನ, ಒಂದು ಶಾಮಿಯಾನ, ಒಂದು ಮೈಕು, "ಲೆಕ್ಕ ಕೊಡಿ" ಅಂತ ಕೇಳುವ ಹಕ್ಕು ಇರ್ತಿತ್ತು. ಗ್ರಾಮಸಭೆ ಬೇರೆ.

ಊರು ಸಿಟಿಯಾದ ದಿನ ಆ ಶಾಮಿಯಾನ ಬಿಚ್ಚಿದ್ರು. ಮತ್ತೆ ಕಟ್ಟಲಿಲ್ಲ.

ಅದರ ಬದಲು ಏನು ಕೊಟ್ಟರು? ಕಾಗದದ ಮೇಲೆ ಕೊಟ್ಟಿದ್ದಾರೆ, ಇಲ್ಲ ಅನ್ನಬಾರದು. ಸಂವಿಧಾನದ 74ನೇ ತಿದ್ದುಪಡಿಯಲ್ಲಿ 243-ಎಸ್ ಅಂತ ವಿಧಿ ಇದೆ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರೋ ನಗರದಲ್ಲಿ ವಾರ್ಡ್ ಸಮಿತಿ ಇರಲೇಬೇಕು. ಅದು ಜಾರಿಗೆ ಬಂದದ್ದು 1993ರಲ್ಲಿ. ಬೆಂಗಳೂರಿನಲ್ಲಿ ವಾರ್ಡ್ ಸಮಿತಿ ಅನ್ನೋದು ನಿಜವಾಗಿ ಕೂತು ಮಾತಾಡೋ ಹೊತ್ತಿಗೆ ಎರಡು ದಶಕ ದಾಟಿತ್ತು. ಅದೂ ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಿ, ಕಸದ ಕೇಸ್‌ನಲ್ಲಿ ನ್ಯಾಯಾಧೀಶರು ಗದರಿದ ಮೇಲೆ. ಒಂದಷ್ಟು ವಾರ್ಡ್‌ಗಳಲ್ಲಿ ಚೆನ್ನಾಗಿ ನಡೆದವು. ತಿಂಗಳಿಗೊಮ್ಮೆ ಶನಿವಾರ ಕೂರೋರು, ಯಾವ ರಸ್ತೆಗೆ ಎಷ್ಟು ಅಂತ ಚರ್ಚೆ ಮಾಡೋರು. ಕೆಲವು ಕಾರ್ಪೊರೇಟರ್‌ಗಳು ತಮ್ಮ ಭಾವಮೈದುನನನ್ನೇ ಸದಸ್ಯ ಮಾಡಿದ್ದೂ ಉಂಟು ಬಿಡಿ. 2020ರ ನಂತರ ಕಾರ್ಪೊರೇಟರ್ ಇಲ್ಲದ್ದರಿಂದ ವಾರ್ಡ್‌ಗೊಬ್ಬ ನೋಡಲ್ ಅಧಿಕಾರಿಯನ್ನ ಹಾಕಿದ್ರು. ನಮ್ಮ ಬೀದಿಯ ಅಮ್ಮನಿಗೆ ನೋಡಲ್ ಅಧಿಕಾರಿ ಅಂದ್ರೆ ಯಾರು ಗೊತ್ತಾ ಅಂತ ಕೇಳಿದೆ. "ನೋಡಲು ಬರೋ ಅಧಿಕಾರಿನಾ? ನೋಡೋಕೆ ಯಾರೂ ಬಂದಿಲ್ಲ ಕಣಪ್ಪಾ" ಅಂದ್ರು. ಅವರು ತಮಾಷೆ ಮಾಡ್ತಿರಲಿಲ್ಲ.

ಅಧಿಕಾರಿಗಳ ಪರವಾಗಿಯೂ ಎರಡು ಮಾತು ಹೇಳಬೇಕು, ಆಗಲೇ ಹೇಳ್ತೀನಿ ಅಂದಿದ್ದೆ. ಅಂಚಿನ ವಾರ್ಡ್‌ನಲ್ಲಿ ಕೆಲಸ ಮಾಡೋ ಇಂಜಿನಿಯರ್ ಪಾಡು ಸುಲಭ ಅಲ್ಲ. ವ್ಯಾಪ್ತಿ ದೊಡ್ಡದು, ಸಿಬ್ಬಂದಿ ಕಮ್ಮಿ. ಬೆಳಗ್ಗೆ ಶಾಸಕರ ಮನೆ, ಮಧ್ಯಾಹ್ನ ಆಯುಕ್ತರ ವಿಡಿಯೋ ಕಾನ್ಫರೆನ್ಸ್, ಸಂಜೆ ಮಳೆ ಬಂದ್ರೆ ಅಂಡರ್‌ಪಾಸ್. ಇನ್ನೊಂದು ವಿಷಯ, ರಸ್ತೆ ಅಗೆಯಲೇಬೇಕು. ಅಗೆಯದೆ ಒಳಚರಂಡಿ ಬರೋದಿಲ್ಲ, ಅಗೆಯದೆ ಕಾವೇರಿ ಬರೋದಿಲ್ಲ.

ಕಾವೇರಿ ವಿಷಯ ಬಂತಲ್ಲ, ಅದನ್ನ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಇದು ನಿಜಕ್ಕೂ ದೊಡ್ಡ ಕೆಲಸ. 2024ರ ಬೇಸಿಗೆ ನೆನಪಿದೆಯಾ? ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಒಣಗಿದವು. ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳಿದ್ರು. ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯ್ತು, ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ ಅಂತ. ಅತಿ ಹೆಚ್ಚು ಕಷ್ಟ ಪಟ್ಟಿದ್ದು ಈ ಅಂಚಿನವರೇ. ಅದೇ ವರ್ಷ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತು. ದಿನಕ್ಕೆ 775 ದಶಲಕ್ಷ ಲೀಟರ್ ನೀರು, ಮುಖ್ಯವಾಗಿ ಈ 110 ಹಳ್ಳಿಗಳಿಗಾಗಿ. ಜಪಾನಿನ ಜೈಕಾ ಸಾಲ ಕೊಟ್ಟಿದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪ್ ಮಾಡಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ನೀರನ್ನ ಗುಡ್ಡ ಹತ್ತಿಸ್ತಾರೆ. ಮಂಡ್ಯದ ನೀರು ಮಹದೇವಪುರದ ನಲ್ಲಿಯಲ್ಲಿ ಬರೋದು ಅಂದ್ರೆ ಸಣ್ಣ ಮಾತಲ್ಲ.

ಆದರೆ ನೂರು ಕಿಲೋಮೀಟರ್ ಬಂದ ನೀರು ಕೊನೆಯ ನೂರು ಅಡಿಯಲ್ಲಿ ನಿಲ್ಲುತ್ತೆ. ಎಷ್ಟೋ ಕಡೆ ಬೀದಿಯಲ್ಲಿ ಪೈಪ್ ಇದೆ, ಮನೆಗೆ ಸಂಪರ್ಕ ಇಲ್ಲ. ಸಂಪರ್ಕಕ್ಕೆ ಕಟ್ಟಬೇಕಾದ ಮೊತ್ತ ಕೇಳಿ ಜನ ಹಿಂದೆ ಸರಿದ್ರು. ಆಮೇಲೆ ಕಂತಿನಲ್ಲಿ ಕಟ್ಟೋ ಅವಕಾಶ ಕೊಟ್ಟರು, ಸ್ವಲ್ಪ ಚೇತರಿಕೆ ಬಂತು. ಇನ್ನು ಕೆಲವರ ಅನುಮಾನ: ದುಡ್ಡು ಕಟ್ಟಿದ ಮೇಲೆ ವಾರಕ್ಕೆ ಎಷ್ಟು ದಿನ ನೀರು ಬಿಡ್ತಾರೆ? ಯಾವ ಹೊತ್ತಿಗೆ? ಟ್ಯಾಂಕರ್ ನಿಲ್ಲಿಸಬಹುದಾ, ಬೇಡವಾ? ಮತ್ತೆ ಅದೇ ನೋಡಿ. ಒಂದು ದಿನಾಂಕ, ಒಂದು ವೇಳೆ, ಒಂದು ಹೆಸರು. ಇಷ್ಟು ದೊಡ್ಡ ಯೋಜನೆ ಮಾಡೋ ತಾಕತ್ತು ಇರೋ ಸರ್ಕಾರಕ್ಕೆ ಬೀದಿಯ ತುದಿಗೆ ಒಂದು ಬೋರ್ಡ್ ನಿಲ್ಲಿಸೋ ತಾಕತ್ತು ಇಲ್ವಾ?

ಕಾಮಗಾರಿ ನಡೆಯೋ ಜಾಗದಲ್ಲಿ ಇಲಾಖೆ, ಗುತ್ತಿಗೆದಾರ, ಮೊತ್ತ, ಮುಗಿಯೋ ದಿನ ಬರೆದ ಫಲಕ ಇರಬೇಕು ಅನ್ನೋದು ಹೊಸ ಬೇಡಿಕೆ ಅಲ್ಲ. ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ಅದರ ನಾಲ್ಕನೇ ಸೆಕ್ಷನ್ ಓದಿ. ಯಾರೂ ಅರ್ಜಿ ಹಾಕದೇ ಇದ್ರೂ ಸಾರ್ವಜನಿಕ ಕಚೇರಿ ತಾನಾಗಿಯೇ ತನ್ನ ಕೆಲಸ, ಬಜೆಟ್, ಖರ್ಚು ಪ್ರಕಟಿಸಬೇಕು ಅಂತ ಇದೆ. ನಾವು ಅದನ್ನ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಕಾಯ್ದೆ ಮಾಡಿಬಿಟ್ಟಿದ್ದೀವಿ.

ಈಗ ಹೊಸ ವ್ಯವಸ್ಥೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಈ ವರ್ಷ ಮೇ 15ರಿಂದ ಜಾರಿಗೆ ಬಂತು. ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ಕಳೆದ ತಿಂಗಳು ವಾರ್ಡ್‌ಗಳ ಅಂತಿಮ ಪಟ್ಟಿ ಬಂತು. ಪಶ್ಚಿಮಕ್ಕೆ 112, ಉತ್ತರಕ್ಕೆ 72, ದಕ್ಷಿಣಕ್ಕೆ 72, ಕೇಂದ್ರಕ್ಕೆ 63, ಪೂರ್ವಕ್ಕೆ 50, ಒಟ್ಟು 369. ಐದು ಮಾಡಿದ್ದು ಸರಿಯೋ ತಪ್ಪೋ ಅನ್ನೋ ಚರ್ಚೆಯನ್ನ ಈ ಸ್ಟುಡಿಯೋದಲ್ಲೇ ಹತ್ತು ಸಲ ಮಾಡಿದ್ದೀವಿ, ಕೂಗಾಡಿದ್ದೀವಿ. ನನ್ನ ಅಭಿಪ್ರಾಯ ಕೇಳ್ತೀರಾ? 84 ಲಕ್ಷವನ್ನ 369ರಿಂದ ಭಾಗಿಸಿದರೆ ವಾರ್ಡ್‌ಗೆ ಸುಮಾರು 23 ಸಾವಿರ. 42 ಸಾವಿರಕ್ಕಿಂತ ವಾಸಿ. ಆದರೆ ಆ 369 ಕುರ್ಚಿಯೂ ಖಾಲಿ. ನಾನು ಈ ಮಾತು ಆಡೋ ಹೊತ್ತಿಗೆ ಮತದಾನದ ದಿನಾಂಕ ಘೋಷಣೆ ಆಗಿಲ್ಲ. ಕುರ್ಚಿ ಹೆಚ್ಚು ಹಾಕಿದ್ರೆ ಊಟ ಬಡಿಸಿದ ಹಾಗಾಯ್ತಾ?

ಈಗ ನಿಮ್ಮ ಕಡೆಗೂ ತಿರುಗ್ತೀನಿ, ಬೇಜಾರು ಮಾಡ್ಕೋಬೇಡಿ.

ಆ ಬೀದಿಯ ಪಕ್ಕದಲ್ಲೇ ಒಂದು ದೊಡ್ಡ ಅಪಾರ್ಟ್‌ಮೆಂಟ್ ಇದೆ. ಸಂಘ ಇದೆ, ಕಾರ್ಯದರ್ಶಿ ಇದ್ದಾರೆ, ಇಂಗ್ಲಿಷ್‌ನಲ್ಲಿ ಚೆನ್ನಾಗಿ ಇಮೇಲ್ ಬರೀತಾರೆ, ಆಯುಕ್ತರಿಗೆ ಟ್ಯಾಗ್ ಮಾಡ್ತಾರೆ. ಅವರ ಗೇಟಿನ ಮುಂದಿನ ರಸ್ತೆ ಅಗೆದು ಮೂರು ವಾರದಲ್ಲಿ ಮುಚ್ಚಿದ್ರು. ಒಳ್ಳೆಯದು, ಅವರ ತಪ್ಪೇನಿಲ್ಲ. ಇವರ ಹಳೇ ಊರಿನ ಬೀದಿಯವರು ಇಮೇಲ್ ಬರೆಯೋಲ್ಲ, ಶಾಸಕರ ಮನೆಗೆ ಹೋಗ್ತಾರೆ. ಹೋದ್ರೆ ಅಲ್ಲಿ ಆಪ್ತ ಸಹಾಯಕ ಬರ್ಕೋತಾನೆ. ಇನ್ನು ಬೀದಿ ಕೊನೆಯಲ್ಲಿ ತಗಡಿನ ಶೆಡ್‌ಗಳಿವೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರು. ನಾನು ಹೇಳಿದ ಮೇಸ್ತ್ರಿಯೂ ಅಲ್ಲೇ ಇರೋದು. ಹಗಲು ಅವರೇ ಬೀದಿ ಅಗೀತಾರೆ, ರಾತ್ರಿ ಅದೇ ಕಾಲುವೆ ದಾಟಿ ಕೊಡದಲ್ಲಿ ನೀರು ತರ್ತಾರೆ. ಅವರು ಯಾರ ಹತ್ತಿರವೂ ಹೋಗೋಲ್ಲ. ಯಾಕಂದ್ರೆ ಅವರ ವೋಟು ಇಲ್ಲಿ ಇಲ್ಲ.

ಈ ಮೂರು ಗುಂಪಿನವರೂ ಒಂದೇ ವಾರ್ಡ್. ಮೂರೂ ಗುಂಪಿನವರು ಒಂದೇ ಕಡೆ ಕೂತ ದಿನ ಯಾವುದಾದ್ರೂ ಇದೆಯಾ ಅಂತ ನಾನು ಆ ಕಾರ್ಯದರ್ಶಿಯವರನ್ನ ಕೇಳಿದೆ. ಯೋಚನೆ ಮಾಡಿ, "ಗಣೇಶೋತ್ಸವ... ಇಲ್ಲ, ಅದೂ ಬೇರೆ ಬೇರೆ ಸರ್" ಅಂದ್ರು. ಪ್ರಾಮಾಣಿಕ ಮನುಷ್ಯ. ಅವರ ಬಡಾವಣೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಆರುನೂರು ಜನ ಇದ್ದಾರೆ. ಗೋಡೆಯ ಆಚೆ ಕಡೆಯ ಬೀದಿಯವರು ಒಬ್ಬರೂ ಇಲ್ಲ. ಆ ಗೋಡೆಯ ಹಿಂದೆ ಒಬ್ಬ ರೋಗಿಯನ್ನ ಕುರ್ಚಿಯಲ್ಲಿ ಹೊತ್ಕೊಂಡು ಹೋಗ್ತಿದ್ದಾರೆ ಅನ್ನೋದು ಅವರಿಗೆ ನಮ್ಮ ವರದಿಗಾರ ಹೇಳೋವರೆಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಅವರೇ ತಮ್ಮ ಹಿಂದಿನ ಗೇಟು ತೆರೆಸಿದ್ರು. ಈಗ ಯಜಮಾನರು ಅಪಾರ್ಟ್‌ಮೆಂಟ್ ಒಳಗಿನಿಂದ ಆಟೋದಲ್ಲಿ ಹೋಗ್ತಾರೆ. ಯಾವ ಇಲಾಖೆಯ ಅನುಮತಿಯೂ ಬೇಕಾಗಲಿಲ್ಲ.

ವೋಟಿನ ಮಾತು ಬಂದಿದ್ದಕ್ಕೆ ಇನ್ನೊಂದು. 2015ರ ಬಿಬಿಎಂಪಿ ಚುನಾವಣೆಯಲ್ಲಿ ಅರ್ಧಕ್ಕಿಂತ ಕಡಿಮೆ ಜನ ಮತ ಹಾಕಿದ್ರು. 2010ರಲ್ಲಿ ಅದಕ್ಕಿಂತಲೂ ಕಡಿಮೆ. ಐದು ವರ್ಷ ಚುನಾವಣೆ ಮುಂದೂಡಿದ್ರೂ ನಗರದಲ್ಲಿ ಒಂದು ದೊಡ್ಡ ಪ್ರತಿಭಟನೆ ಆಗಲಿಲ್ಲ. ಟೋಲ್ ದರ ಹೆಚ್ಚಿಸಿದ್ರೆ ಕೂಗ್ತೀವಿ, ಮೆಟ್ರೋ ದರ ಹೆಚ್ಚಿಸಿದ್ರೆ ಕೂಗ್ತೀವಿ. ವಾರ್ಡ್‌ಗೆ ಪ್ರತಿನಿಧಿಯೇ ಇಲ್ಲ ಅಂದ್ರೆ ನಮಗೆ ಏನೂ ಕಳೆದುಹೋಗಿಲ್ಲ ಅನ್ನೋ ಭಾವನೆ. ರಾಜಕಾರಣಿಗಳು ಇದನ್ನ ಚೆನ್ನಾಗಿ ಓದ್ಕೊಂಡಿದ್ದಾರೆ.

ಹಾಗಾದ್ರೆ ನಾನು ಕೇಳ್ತಿರೋದೇನು? ಚುನಾವಣೆ ಮಾಡಿ ಅನ್ನೋದು ಒಂದು, ಅದನ್ನ ನ್ಯಾಯಾಲಯವೂ ಕೇಳ್ತಿದೆ. ಅದಾಗೋವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ. ಐದೂ ಪಾಲಿಕೆಯ ಆಯುಕ್ತರಿಗೆ ಈ ಕಾರ್ಯಕ್ರಮದ ಮೂಲಕ ಕೇಳ್ಕೋತೀನಿ. 369 ವಾರ್ಡ್‌ನಲ್ಲೂ ಜಮಾಬಂದಿ ಮಾಡಿ. ಹೆಸರು ಬೇಕಾದ್ರೆ ಬೇರೆ ಇಟ್ಕೊಳ್ಳಿ. ಸರ್ಕಾರಿ ಶಾಲೆಯ ಅಂಗಳ ಸಾಕು, ಎಸಿ ಹಾಲ್ ಬೇಡ. ಪಾಲಿಕೆ, ಜಲಮಂಡಳಿ, ಬೆಸ್ಕಾಂ, ಮೂರೂ ಕಡೆಯ ಇಂಜಿನಿಯರ್ ಒಂದೇ ಮೇಜಿನ ಹಿಂದೆ ಕೂರಲಿ. "ಅದು ಅವರದ್ದು" ಅಂತ ಬೆರಳು ತೋರಿಸಿದ್ರೆ ಅವರು ಪಕ್ಕದಲ್ಲೇ ಇರ್ತಾರೆ. ಈ ವರ್ಷ ಈ ವಾರ್ಡ್‌ನಲ್ಲಿ ಯಾವ ಬೀದಿ ಅಗೀತೀವಿ, ಯಾವಾಗ ಮುಚ್ತೀವಿ, ಹಿಂದಿನ ವರ್ಷ ಹೇಳಿದ್ದರಲ್ಲಿ ಎಷ್ಟು ಮಾಡಿದ್ವಿ, ಕನ್ನಡದಲ್ಲಿ ಓದಿ ಹೇಳಿ. ಬೈಗುಳ ಬೀಳುತ್ತೆ, ಬೀಳಲಿ. ಪಂಚಾಯಿತಿ ಕಾರ್ಯದರ್ಶಿಗಳು ಕಾಲಕಾಲದಿಂದ ತಿಂದಿದ್ದಾರೆ, ಯಾರೂ ಸತ್ತಿಲ್ಲ.

ನಮ್ಮ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. ನಾವು ಒಂದು ಬೀದಿಯ ಗುಂಡಿ ತೋರಿಸಿದ ರಾತ್ರಿಯೇ ಜೆಲ್ಲಿ ಲಾರಿ ಬರುತ್ತೆ. "ನಮ್ಮ ವರದಿಯ ಫಲಶ್ರುತಿ" ಅಂತ ಕೆಂಪು ಪಟ್ಟಿ ಹಾಕಿ ಬೀಗ್ತೀವಿ. ಇಂಪ್ಯಾಕ್ಟ್! ಅದರಲ್ಲಿ ಹೆಮ್ಮೆ ಪಡೋಕೆ ಏನಿದೆ ಅಂತ ಇತ್ತೀಚೆಗೆ ನನಗೇ ಅನ್ನಿಸ್ತಿದೆ. ಕ್ಯಾಮೆರಾ ಹೋದ ಬೀದಿಗೆ ಬಂದ ಜೆಲ್ಲಿ, ಕ್ಯಾಮೆರಾ ಹೋಗದ ಬೀದಿಗೆ ಹೋಗಬೇಕಾಗಿದ್ದ ಜೆಲ್ಲಿ ಆಗಿರಬಹುದು. ಅದಕ್ಕೇ ಈ ಸಲ ಬೀದಿಯ ಹೆಸರು ಹೇಳಲಿಲ್ಲ.

ಕೊನೆಗೆ ಆ ದಿನಾಂಕದ ವಿಷಯ. ಮೇಸ್ತ್ರಿಯಿಂದ ಗುತ್ತಿಗೆದಾರ, ಗುತ್ತಿಗೆದಾರನಿಂದ ಇಂಜಿನಿಯರ್, ಹೀಗೆ ಸುತ್ತಿ ಬಂದು ಮೊನ್ನೆ ಇಂಜಿನಿಯರ್ ಸಾಹೇಬರು ಫೋನ್‌ನಲ್ಲಿ ಸಿಕ್ಕರು. ಸೌಜನ್ಯದಿಂದಲೇ ಮಾತಾಡಿದ್ರು. "ಸಂಕ್ರಾಂತಿ ಹೊತ್ತಿಗೆ ಮುಗಿಸಿ ಕೊಡ್ತೀವಿ ಸರ್" ಅಂದ್ರು. ಬರವಣಿಗೆಯಲ್ಲಿ ಕೊಡಿ ಅಂದೆ, ಮೇಲಿನವರನ್ನ ಕೇಳಬೇಕು ಅಂದ್ರು. ಸರಿ, ಅಷ್ಟಾದರೂ ಸಿಕ್ತಲ್ಲ ಅಂತ ನಾನೇ ಆ ಅಮ್ಮನಿಗೆ ಫೋನ್ ಮಾಡಿದೆ. "ಸಂಕ್ರಾಂತಿಗೆ ಮುಗಿಯುತ್ತಂತೆ ಅಮ್ಮಾ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ರು, "ಯಾವ ವರ್ಷದ ಸಂಕ್ರಾಂತಿ ಅಂತ ಕೇಳಿದ್ಯೇನಪ್ಪಾ?"

ನಾನು ಕೇಳಿರಲಿಲ್ಲ. ಜನವರಿ 16ಕ್ಕೆ ಆ ಬೀದಿಗೆ ಹೋಗ್ತೀವಿ, ಅಗೆದ ಇಲಾಖೆಯ ಹೆಸರು ಅವತ್ತು ಹೇಳ್ತೀನಿ. ಒಂಬತ್ತು ಗಂಟೆಯ ಸುದ್ದಿಗೆ ಮತ್ತೆ ಸಿಗೋಣ.